ಆನ್‌ಲೈನ್ ಇಂಗ್ಲಿಷ್ ಕೋರ್ಸಿಗೆ ಮೊದಲು ಟೈಂಟೇಬಲ್‌ನಲ್ಲಿ ಜಾಗ ಮಾಡಿ

ವಿಶ್ವವಿದ್ಯಾಲಯದ ಇಂಗ್ಲಿಷ್ ಪಾಠದ ಜೊತೆ ಆನ್‌ಲೈನ್ ಕೋರ್ಸ್ ಶುರುಮಾಡುವವರು ಎಡವುವುದು ತಂತ್ರಜ್ಞಾನದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ. ವಾರಕ್ಕೆ 4 ಗಂಟೆಯ ತರಗತಿ ಹಾಗೇ ಇರುತ್ತದೆ, ಅದರ ಮೇಲೆ 2 ಗಂಟೆಯ ವಿಡಿಯೊ, ಕ್ವಿಜ್ ಬಂದು ಕೂರುತ್ತವೆ. ಕೆಲವೇ ವಾರಗಳಲ್ಲಿ ಲಾಗಿನ್ ಆಗುವವರು ಕಮ್ಮಿಯಾಗುತ್ತಾರೆ. ಹುಡುಗರು ಸೋಮಾರಿಗಳು ಎಂದು ಬೈದು ಪ್ರಯೋಜನವಿಲ್ಲ. ಒಂದೂವರೆ ಕೋರ್ಸಿನ ಹೊರೆ ಹೊರಿಸಿ ಒಂದು ಕೋರ್ಸಿನ ಕ್ರೆಡಿಟ್ ಕೊಟ್ಟರೆ ಹೀಗೇ ಆಗುವುದು. ಆ 4ರಲ್ಲಿ 1 ಗಂಟೆಯನ್ನು ಟೈಂಟೇಬಲ್‌ನಿಂದಲೇ ತೆಗೆದು ಆನ್‌ಲೈನಿಗೆ ಕೊಡಿ. ಕಲಿಸುವವರ ಕೆಲಸದ ಅವಧಿಯಲ್ಲೂ ಆ ಗಂಟೆ ಲೆಕ್ಕಕ್ಕೆ ಬರಬೇಕು.

ಆ ಗಂಟೆಗೆ ಏನು ಕಳಿಸಬೇಕು? ಮೊದಲಿಗೆ ಆಲಿಸುವ ಅಭ್ಯಾಸ. ತರಗತಿಯಲ್ಲಿ ಒಂದೇ ಸ್ಪೀಕರ್, ಎಲ್ಲರಿಗೂ ಒಂದೇ ವೇಗ. ಮನೆಯಲ್ಲಾದರೆ ತಿಳಿಯದ ವಾಕ್ಯವನ್ನು ಐದು ಸಲ ಹಿಂದಕ್ಕೆಳೆದು ಕೇಳಬಹುದು, ಯಾರೂ ನಗುವುದಿಲ್ಲ. ಪದಸಂಪತ್ತು, ವ್ಯಾಕರಣದ ವಿವರಣೆ, ಬರಹದ ಮೊದಲ ಕರಡು ಕೂಡ ಅಲ್ಲಿಗೇ ಹೋಗಲಿ. ಮಾತು, ವಾದ, ಉಚ್ಚಾರಣೆ ತಿದ್ದುವ ಕೆಲಸ ಎದುರುಬದುರಿಗೇ ಆಗಬೇಕು.

ಆನ್‌ಲೈನ್ ಕೆಲಸ ತರಗತಿಯ ಹಿಂದಿನ ದಿನ ಮುಗಿಯಲಿ. ಮರುದಿನದ ಪಾಠ ಅದರಿಂದಲೇ ಶುರುವಾಗಲಿ. ಕ್ವಿಜ್‌ನ ವರದಿ ತೆರೆದು, ಅತಿ ಹೆಚ್ಚು ಜನ ತಪ್ಪಿದ ಎರಡು ಪ್ರಶ್ನೆಗಳನ್ನಷ್ಟೇ ಬೋರ್ಡಿನ ಮೇಲೆ ಬರೆದು 10 ನಿಮಿಷ ಚರ್ಚಿಸಿ. ವಿಡಿಯೊದಲ್ಲಿದ್ದ ಪಾಠವನ್ನು ಮತ್ತೆ ಮೊದಲಿಂದ ಹೇಳಿದಿರೋ, ಮುಂದಿನ ವಾರ ವಿಡಿಯೊ ನೋಡುವವರು ಯಾರೂ ಇರುವುದಿಲ್ಲ. ಇನ್ನು ಆನ್‌ಲೈನ್‌ನದ್ದು ಒಂದು ವಿಷಯ, ತರಗತಿಯದ್ದು ಇನ್ನೊಂದು ಎಂದಾದರೆ ಎತ್ತು ಏರಿಗೆ, ಕೋಣ ನೀರಿಗೆ.

ಕ್ವಿಜ್ ಮಾಡುವಾಗ ಒಂದು ಚಿಕ್ಕ ಚಿಹ್ನೆ ದೊಡ್ಡ ತಲೆನೋವು ತರುತ್ತದೆ. ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಚುಟುಕು ಉತ್ತರದ ಪ್ರಶ್ನೆಗೆ 'ಡೋಂಟ್' (don't) ಸರಿಯುತ್ತರ ಎಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿರುತ್ತೀರಿ. ಅದರ ಅಪಾಸ್ಟ್ರಫಿ ನೆಟ್ಟಗಿನದು. ಕೆಲವು ಫೋನ್‌ಗಳ ಕೀಬೋರ್ಡ್ ತಾನಾಗಿಯೇ ಬಾಗಿದ ಅಪಾಸ್ಟ್ರಫಿ ಹಾಕುತ್ತದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಸರಿ ಬರೆದವನಿಗೆ ಸೊನ್ನೆ. ಆ ಜಾಗದಲ್ಲಿ ನಕ್ಷತ್ರ ಚಿಹ್ನೆ (*) ಹಾಕಿ ಜಾಣತನ ಮಾಡಬೇಡಿ: ಅದು ಅಲ್ಲಿ ಏನಿದ್ದರೂ, ಏನೂ ಇಲ್ಲದಿದ್ದರೂ ಒಪ್ಪುವುದರಿಂದ ಅಪಾಸ್ಟ್ರಫಿ ಬಿಟ್ಟವನಿಗೂ ಅಂಕ ಬರುತ್ತದೆ, 'ಡೋನಟ್' (donut) ಎಂದು ಬರೆದವನಿಗೂ! ಎರಡು ರೂಪಗಳನ್ನೂ ಬೇರೆಬೇರೆ ಸರಿಯುತ್ತರಗಳಾಗಿ ಸೇರಿಸಿ. ಪ್ರಕಟಿಸುವ ಮುಂಚೆ ಫೋನಿನಿಂದ ಒಮ್ಮೆ ನೀವೇ ಉತ್ತರಿಸಿ ನೋಡಿ.

ಕೊನೆಯ ಗಡುವನ್ನು 10ನೇ ತಾರೀಕು 00:00 ಎಂದು ಇಟ್ಟರೆ ಅದು 9ರ ರಾತ್ರಿಯೇ ಮುಚ್ಚಿಹೋಗುತ್ತದೆ. 23:55 ಎಂದಿಡಿ, ಗೊಂದಲವಿರುವುದಿಲ್ಲ.

ಮಾತನಾಡಿ ರೆಕಾರ್ಡ್ ಮಾಡಿ ಕಳಿಸಿ ಎಂದು ಹೇಳುವ ಮುಂಚೆ ಗುಣಿಸಿ ನೋಡಿ. 60 ಜನ, ತಲಾ 2 ನಿಮಿಷ: ಬರೀ ಕೇಳಲು 2 ಗಂಟೆ. ಅಭಿಪ್ರಾಯ ಬರೆಯಲು ತಲಾ 3 ನಿಮಿಷ ಹಿಡಿದರೆ ಒಟ್ಟು 5 ಗಂಟೆ. ವಾರವಾರ ಇದು ಸಾಧ್ಯವಿಲ್ಲ. ಎಲ್ಲರೂ ಕಳಿಸಲಿ, ವಾರಕ್ಕೆ 15 ಜನರದ್ದನ್ನು ವಿವರವಾಗಿ ತಿದ್ದಿ, ನಾಲ್ಕು ವಾರಕ್ಕೊಮ್ಮೆ ಪ್ರತಿಯೊಬ್ಬರ ಸರದಿ ಬರುತ್ತದೆ. ವಿಡಿಯೊ ಕೇಳಬೇಡಿ, ಆಡಿಯೊ ಸಾಕು: 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ವೇಗದ ರೆಕಾರ್ಡಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ಎಂಪಿ3 ಮಾತ್ರ ಎಂದು ಕಟ್ಟುಹಾಕಬೇಡಿ. ಹಲವು ಫೋನ್‌ಗಳು ಎಂ4ಎ ಎಂಬ ಬೇರೆ ಬಗೆಯ ಆಡಿಯೊ ಕಡತ ಮಾಡುತ್ತವೆ, ಅಪ್‌ಲೋಡ್ ಅಲ್ಲೇ ನಿಲ್ಲುತ್ತದೆ.

ಚರ್ಚಾ ವೇದಿಕೆಯಲ್ಲಿ 60 ಜನರನ್ನು ಒಟ್ಟಿಗೆ ತುಂಬಿದರೆ 'ಐ ಅಗ್ರೀ' ಎಂಬ ಸಾಲೇ ಉದ್ದಕ್ಕೆ ಸಿಗುತ್ತದೆ. ಆರಾರು ಜನರ ಗುಂಪು ಮಾಡಿ.

ಚಾಟ್‌ಬಾಟ್ ಬರೆದ ಪ್ರಬಂಧ ಹಿಡಿಯುವ ಸಾಫ್ಟ್‌ವೇರ್ ನಂಬಿ ಯಾರಿಗೂ ಶಿಕ್ಷೆ ಕೊಡಬೇಡಿ, ಅವು ನಿರಪರಾಧಿಯನ್ನೂ ಹಿಡಿಯುತ್ತವೆ. ಕರಡು ಆನ್‌ಲೈನ್‌ನಲ್ಲಿ ಬರಲಿ. ತರಗತಿಯಲ್ಲಿ ಅದರದೇ ಒಂದು ಪ್ಯಾರಾವನ್ನು 15 ನಿಮಿಷದಲ್ಲಿ ಬೇರೆ ಓದುಗನಿಗಾಗಿ ಕೈಯಲ್ಲಿ ತಿದ್ದಿ ಬರೆಯಲಿ. ತನ್ನದಲ್ಲದ ಪ್ಯಾರಾ ತಿದ್ದಲು ಕೂತವನ ಪೆನ್ನು ಮುಂದಕ್ಕೆ ಹೋಗುವುದು ಕಷ್ಟ.

ಒಟ್ಟು ಅಂಕದಲ್ಲಿ ಆನ್‌ಲೈನಿಗೆ ಶೇ. 20ರಷ್ಟಿರಲಿ. ಅಂಕವೇ ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ, ಶೇ. 50 ಇಟ್ಟರೆ ಗೆಳೆಯನಿಂದ ಮಾಡಿಸುತ್ತಾರೆ. 12 ಕ್ವಿಜ್‌ಗಳಲ್ಲಿ ಹೆಚ್ಚು ಅಂಕ ಬಂದ 10ನ್ನು ಮಾತ್ರ ಎಣಿಸಿದರೆ, ನೆಟ್ ಕೈಕೊಟ್ಟಿತು ಎಂಬ ಅರ್ಜಿಗಳೂ ಮೇಜಿಗೆ ಬರುವುದು ಕಮ್ಮಿಯಾಗುತ್ತದೆ.