ಕೆಜಿಎಫ್ ಜನರನ್ನು ಯಾರು ಕೇಳಿದರು?

ಯಾಕೋ ಇವತ್ತು 2012ರ ನವೆಂಬರ್ ನೆನಪಾಯಿತು. ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ತ್ಯಾಜ್ಯವನ್ನು ಕೆಜಿಎಫ್‌ನ ಮುಚ್ಚಿದ ಚಿನ್ನದ ಗಣಿಯಲ್ಲಿ ಇಡುವ ಮಾತು ಸುಪ್ರೀಂ ಕೋರ್ಟ್‌ನಲ್ಲಿ ಬಂತು, ಊರಿನವರಿಗೆ ಗೊತ್ತಾಗಿದ್ದು ಸುದ್ದಿಯಿಂದ. ಜನ ಬೀದಿಗಿಳಿದರು, ಆಮೇಲೆ ಸರ್ಕಾರದ ಕಡೆಯವರು ಅಂಥ ಯೋಚನೆಯೇ ಇಲ್ಲ ಅಂದರು. ಮೊದಲೇ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿಗಳ ಪಕ್ಕ ಬದುಕುವ ಊರು ಅದು, ಜೋರಾಗಿ ಗಾಳಿ ಬೀಸಿದರೆ ಆ ನುಣ್ಣನೆ ಧೂಳು ಒಣಗಿಹಾಕಿದ ಬಟ್ಟೆ ಮೇಲೆ, ನೀರಿನ ಬಿಂದಿಗೆ ಮೇಲೆ, ಎಲ್ಲಾ ಕಡೆ. ಅವರನ್ನು ಮೊದಲೇ ಒಂದು ಮಾತು ಕೇಳಬೇಕಿತ್ತು, ಅಲ್ವಾ?

ಫಿನ್ಲೆಂಡ್‌ನಲ್ಲಿ ಯೂರಾಯೋಕಿ ಅನ್ನುವ ಪುಟ್ಟ ಊರಿದೆ. ಅಣು ತ್ಯಾಜ್ಯವನ್ನು ಅಲ್ಲಿನ ನೆಲದಾಳದಲ್ಲಿ ಇಡುವ ಯೋಜನೆ ಬಂದಾಗ, ಊರಿನ ಕೌನ್ಸಿಲ್‌ಗೆ ‘ಬೇಡ’ ಅನ್ನುವ ಹಕ್ಕು ಕಾನೂನಿನಲ್ಲೇ ಇತ್ತು. 2000ದಲ್ಲಿ ಮತಕ್ಕೆ ಹಾಕಿದರು, 20 ಜನ ಒಪ್ಪಿದರು, 7 ಜನ ಬೇಡ ಅಂದರು. ನನಗೆ ಆ ಏಳು ಜನರೇ ಜಾಸ್ತಿ ನೆನಪಾಗುತ್ತಾರೆ. ಅವರ ಮಾತನ್ನೂ ಎಣಿಸಿ ಬರೆದಿಟ್ಟರಲ್ಲ.