ಅಕ್ಕಪಕ್ಕದ ಎರಡು ಸರ್ಕಾರಿ ಶಾಲೆ ಒಂದು ಮಾಡಿದ್ರೆ ಒಳ್ಳೇದಲ್ವಾ?

ನಮ್ಮ ಊರು ಉಡುಪಿಯಿಂದ ಬ್ರಹ್ಮಾವರಕ್ಕೆ ಹೋಗುವ ದಾರಿಯಲ್ಲಿ. ಹೆದ್ದಾರಿಯ ಈಚೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಆಚೆ ಇನ್ನೊಂದು. ನಾನು ಈಚೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಇದ್ದೇನೆ. ಹಾಗಾಗಿ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟಕ್ಕೆ ಕೂತಾಗಲೂ ಜನ ಇದನ್ನೇ ಕೇಳುತ್ತಾರೆ. ಎರಡರಲ್ಲಿ ಯಾವುದು ಒಳ್ಳೇ ಶಾಲೆ? ಎರಡರಲ್ಲೂ ಮಕ್ಕಳು ಕಡಿಮೆ, ಸೇರಿಸಿ ಒಂದು ಮಾಡಿದ್ರೆ ಆಗಲ್ವಾ?

ಆಚೆ ಶಾಲೆಗೆ ಹಳೆ ವಿದ್ಯಾರ್ಥಿಗಳು ಟೈಲ್ಸ್ ಹಾಕಿಸಿದ್ದಾರೆ, ವ್ಯಾನ್ ಕೊಡಿಸಿದ್ದಾರೆ. ಅದನ್ನು ನೋಡಿ "ಅದು ಲಾಯ್ಕ್ ಶಾಲೆ" ಅನ್ನುವವರು ತುಂಬಾ ಜನ. ಎಸ್ಸೆಸ್ಸೆಲ್ಸಿಯಲ್ಲಿ 2024ಕ್ಕೆ ಉಡುಪಿ ರಾಜ್ಯಕ್ಕೇ ಮೊದಲು, 2025ಕ್ಕೆ ದಕ್ಷಿಣ ಕನ್ನಡ ಮೊದಲು, ಹಾಗಾಗಿ ನಮ್ಮ ಕಡೆ ಯಾವ ಶಾಲೆಗೆ ಹಾಕಿದರೂ ತೊಂದರೆ ಇಲ್ಲ ಅನ್ನುವವರೂ ಇದ್ದಾರೆ. ಹತ್ತನೇ ಕ್ಲಾಸಿನ ರಿಸಲ್ಟ್ ನೋಡಿ ಎರಡನೇ ಕ್ಲಾಸಿನ ಮಗುವಿಗೆ ಓದಲು ಬರುತ್ತದಾ ಅಂತ ಹೇಗೆ ಗೊತ್ತಾಗಬೇಕು? ನಾನು ಮೊದಲು ಕೇಳುವುದು, ಎಷ್ಟು ಕ್ಲಾಸಿಗೆ ಎಷ್ಟು ಟೀಚರ್ ಇದ್ದಾರೆ ಅಂತ.

ನಮ್ಮ ಶಾಲೆಯಲ್ಲಿ ನಾಲ್ಕು ಮತ್ತು ಐದು ಒಂದೇ ಕೋಣೆಯಲ್ಲಿ. ಕರಿಹಲಗೆಯ ನಡುವೆ ಚಾಕ್‌ಪೀಸಿನಲ್ಲಿ ಒಂದು ಗೆರೆ. ಒಂದು ಕಡೆ ಭಿನ್ನರಾಶಿ, ಇನ್ನೊಂದು ಕಡೆ ಪದ್ಯ. ಟೀಚರ್ ಐದನೆಯವರಿಗೆ ಲೆಕ್ಕ ಹೇಳುವಾಗ ನಾಲ್ಕನೆಯವರು ಪದ್ಯ ಬರೆದುಕೊಳ್ಳಬೇಕು, ಆದರೆ ಅವರ ಕಣ್ಣು ಕಿವಿ ಎಲ್ಲಾ ಲೆಕ್ಕದ ಕಡೆಗೇ. ಅಷ್ಟರಲ್ಲಿ ಬಿಸಿಯೂಟದ ಅಕ್ಕ ಬಾಗಿಲಿಗೆ ಬಂದು "ಟೀಚರೇ, ಇವತ್ತು ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು?" ಅಂತ ಕೇಳುತ್ತಾರೆ. ಅದಕ್ಕೂ ಅವರೇ ತಲೆ ಎಣಿಸಬೇಕು. ತುಂಬಾ ಒಳ್ಳೆಯ ಟೀಚರ್. ಹೀಗಿದ್ದರೂ ಮಕ್ಕಳು ಕಲಿಯುತ್ತಿದ್ದಾರೆ ಅಂದರೆ ಅದು ಅವರ ಶ್ರಮ.

ಹಾಗಾದ್ರೆ ಶಾಲೆ ಸೇರಿಸಿದ್ರೆ ಟೀಚರ್ ಜಾಸ್ತಿ ಸಿಗ್ತಾರಲ್ವಾ? ಸಿಗುತ್ತಾರೆ ಅಂತ ಹೇಳಲಿಕ್ಕೆ ಆಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ ಒಟ್ಟು 60ರವರೆಗೆ ಮಕ್ಕಳಿದ್ದರೆ ಕನಿಷ್ಠ 2 ಶಿಕ್ಷಕರು, 61ರಿಂದ 90 ಇದ್ದರೆ 3, 91ರಿಂದ 120 ಇದ್ದರೆ 4. ಎರಡೂ ಶಾಲೆಯಲ್ಲಿ ಐದನೇವರೆಗೆ ತಲಾ 40 ಮಕ್ಕಳು ಅಂತ ಇಟ್ಟುಕೊಳ್ಳಿ. ಈಗ ಎರಡೂ ಸೇರಿ 4 ಶಿಕ್ಷಕರು ಬೇಕು. ಒಂದು ಮಾಡಿದರೆ 80 ಮಕ್ಕಳು, 3 ಶಿಕ್ಷಕರು ಇದ್ದರೂ ಕಾಯ್ದೆಗೆ ಸಾಕು. ಒಬ್ಬರನ್ನು "ಹೆಚ್ಚುವರಿ" ಅಂತ ಬೇರೆ ಕಡೆಗೆ ಕಳಿಸಬಹುದು. ಮೂವರು ಐದು ಕ್ಲಾಸು ನೋಡಬೇಕು ಅಂದರೆ ಕರಿಹಲಗೆಯ ಗೆರೆ ಅಲ್ಲೇ ಇರುತ್ತದೆ.

ಆರರಿಂದ ಮೇಲೆ ವಿಷಯ ಬೇರೆ. ಅಲ್ಲಿ ಪ್ರತಿ ಕ್ಲಾಸಿಗೆ ಕನಿಷ್ಠ ಒಬ್ಬರು, ವಿಜ್ಞಾನ-ಗಣಿತ, ಸಮಾಜ, ಭಾಷೆ ಮೂರಕ್ಕೂ ಶಿಕ್ಷಕರು ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಬಿಡಿಬಿಡಿಯಾಗಿ ಇದ್ದಾಗ ಇದು ಸಿಗುವುದು ಕಷ್ಟ. ಜೊತೆಗೆ ಕ್ಲಾಸಿನಲ್ಲಿ ಆರೇ ಮಕ್ಕಳಿದ್ದರೆ ಒಂದು ಕಬಡ್ಡಿ ಟೀಮ್ ಕೂಡ ಆಗುವುದಿಲ್ಲ. ಆ ವಯಸ್ಸಿನ ಮಕ್ಕಳಿಗೆ ಪೈಪೋಟಿಗೆ, ಗೆಳೆತನಕ್ಕೆ ಜನ ಬೇಕು. ದೊಡ್ಡ ಮಕ್ಕಳನ್ನು ಒಟ್ಟಿಗೆ ತರಲಿಕ್ಕೆ ನನ್ನ ಪೂರ್ತಿ ಬೆಂಬಲ ಉಂಟು.

ಚಿಕ್ಕವರನ್ನು ಮಾತ್ರ ಬೇಡ. ನಕ್ಷೆಯಲ್ಲಿ ನೋಡಿದರೆ ಎರಡು ಶಾಲೆಗಳ ನಡುವೆ ಒಂದು ಕಿಲೋಮೀಟರ್ ಇಲ್ಲ, ಆದರೆ ನಡುವೆ ರಾಷ್ಟ್ರೀಯ ಹೆದ್ದಾರಿ 66 ಉಂಟು. ಜುಲೈ ಮಳೆಯಲ್ಲಿ ಕೊಡೆ ಹಿಡಿದ ಆರು ವರ್ಷದ ಮಗು ಎಕ್ಸ್‌ಪ್ರೆಸ್ ಬಸ್ಸು, ಮೀನಿನ ಲಾರಿ ನೋಡಿಕೊಂಡು ನಾಲ್ಕು ಪಥ ದಾಟಬೇಕಾ? 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ (ಹಳ್ಳ ದಾಟುವ ಕಿರುಸೇತುವೆಯಿಂದ) ಬಿದ್ದು ತೀರಿಕೊಂಡಳು. ನಮ್ಮ ಕಡೆ ದೂರವನ್ನು ಮಳೆಗಾಲದಲ್ಲೇ ಅಳೆಯಬೇಕು.

ಇನ್ನೂ ಒಂದು ಉಂಟು. ಸರ್ಕಾರಿ ಶಾಲೆ ದೂರ ಆದರೆ, ಬೆಳಿಗ್ಗೆ ಏಳೂವರೆಗೇ ಕೆಲಸಕ್ಕೆ ಹೊರಡುವ ತಾಯಿ ಮಗುವನ್ನು ಯಾರ ಜೊತೆ ಕಳಿಸಬೇಕು? ಖಾಸಗಿ ಶಾಲೆಯ ವ್ಯಾನ್ ಮನೆ ಗೇಟಿಗೇ ಬರುತ್ತದೆ. ಸಾಲ ಮಾಡಿಯಾದರೂ ಅಲ್ಲಿಗೇ ಹಾಕುತ್ತಾರೆ. ಆಗ ಕಾಗದದಲ್ಲಿ ಲೆಕ್ಕ ಹಾಕಿದ 80 ಮಕ್ಕಳು ಜೂನ್‌ನಲ್ಲಿ ಬರುವುದೇ ಇಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಒಂದರಿಂದ ಮೂರು ಎರಡೂ ಕಡೆ ಇರಲಿ. ನಲಿ-ಕಲಿ ಅನ್ನುವ ಚಟುವಟಿಕೆಯ ಕಲಿಕಾ ಪದ್ಧತಿಯಲ್ಲಿ ಆ ಮೂರು ಕ್ಲಾಸಿನವರು ಹೇಗೂ ಒಟ್ಟಿಗೇ ಕೂತು ಕಲಿಯುತ್ತಾರೆ, ಮಕ್ಕಳು ಕಡಿಮೆ ಇದ್ದರೂ ನಡೆಯುತ್ತದೆ. ನಾಲ್ಕರಿಂದ ಮೇಲಿನವರು ಆಚೆ ಶಾಲೆಗೆ ಹೋಗಲಿ, ಅಲ್ಲಿ ಕೋಣೆ, ಮೈದಾನ ಎರಡೂ ಉಂಟು. ಆದರೆ ಎಸ್‌ಡಿಎಂಸಿ ಒಪ್ಪಿಗೆಯ ಸಹಿ ಹಾಕುವ ಮೊದಲು ಇಲಾಖೆಯಿಂದ ಬರಹದಲ್ಲಿ ಬರಬೇಕು: ಈಗಿರುವ ಹುದ್ದೆಗಳಲ್ಲಿ ಎಷ್ಟು ಉಳಿಯುತ್ತವೆ, ವ್ಯಾನಿನ ಡೀಸೆಲ್ ಮತ್ತು ಡ್ರೈವರ್ ಸಂಬಳ ಯಾರದು, ಹೆದ್ದಾರಿ ದಾಟಿಸಲು ಯಾರು ನಿಲ್ಲುತ್ತಾರೆ. ಬಾಯಿಮಾತು ಸಾಲದು, ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತಿರುತ್ತದೆ.

ನನ್ನ ದೊಡ್ಡ ಮಗಳು ಬರುವ ವರ್ಷ ನಾಲ್ಕನೇ ಕ್ಲಾಸು. ಹೀಗೆ ಬರೆದು ಕೊಟ್ಟರೆ ಅವಳನ್ನು ಆಚೆ ಕಳಿಸುತ್ತೇನೆ. ಚಿಕ್ಕವನು ಈಚೆ ಶಾಲೆಗೇ ಹೋಗುತ್ತಾನೆ.