ಅಡುಗೆ ಕಟ್ಟೆಯಿಂದ ಗೊಂಬೆ ಮೆಟ್ಟಿಲಿನವರೆಗೆ ಒಂದು ಎಲ್‌ಇಡಿ ಸ್ಟ್ರಿಪ್

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ಟ್ಯೂಬ್‌ಲೈಟು ಇರುವುದು ಒಲೆಯ ಮುಂದೆ ನಿಂತವರ ಬೆನ್ನ ಹಿಂದಿನ ಗೋಡೆಯಲ್ಲಿ. ಸಂಜೆ ಹುರುಳಿಕಾಯಿ ಹೆಚ್ಚಲು ನಿಂತರೆ ನಮ್ಮ ನೆರಳು ನಾವು ಹೆಚ್ಚುವ ಹಲಗೆಯ ಮೇಲೆಯೇ ಬೀಳುತ್ತದೆ. ಅತ್ತೆಯವರು ಬೇಳೆ ಆರಿಸಬೇಕಾದಾಗಲೆಲ್ಲ ಮೊರ ಹಿಡಿದು ಹಾಲ್‌ಗೆ ಬರುವುದನ್ನು ವರ್ಷಗಟ್ಟಲೆ ನೋಡಿದ ಮೇಲೆ, ಗೋಡೆಯ ಕಬೋರ್ಡುಗಳ ಅಡಿಯಲ್ಲಿ ಎಲ್‌ಇಡಿ ಸ್ಟ್ರಿಪ್ ಅಂಟಿಸಿಬಿಡೋಣವೆಂದು ಹೊರಟೆ. ಒಂದು ಭಾನುವಾರದಲ್ಲಿ ಮುಗಿಯುತ್ತದೆಂದುಕೊಂಡಿದ್ದ ಕೆಲಸ ಎರಡು ಸಲ ಕಿತ್ತು ಮೂರನೆಯ ಸಲಕ್ಕೆ ನೆಟ್ಟಗಾಯಿತು. ಅಷ್ಟರಲ್ಲಿ ದಸರೆಯೂ ಬಂದು, ಗೊಂಬೆ ಮೆಟ್ಟಿಲಿಗೂ ಅದೇ ದೀಪ ಬೇಕಾಯಿತು.

ಮೊದಲನೆಯ ತಪ್ಪು ನನ್ನದೇ. ಅಂಗಡಿಯಲ್ಲಿ 5 ಮೀಟರಿನ ಸುರುಳಿಯೊಂದನ್ನು ತಂದೆ: 12 ವೋಲ್ಟ್, ಮೀಟರಿಗೆ 120 ಎಲ್‌ಇಡಿ, ಮೀಟರಿಗೆ 9.6 ವ್ಯಾಟ್. ಅಡಾಪ್ಟರಿಗೆ ಬೇರೆ ಹಣವೇಕೆಂದು, ಕೆಟ್ಟುಹೋದ ವೈಫೈ ರೌಟರಿನ ಜೊತೆ ಉಳಿದಿದ್ದ 12 ವೋಲ್ಟಿನ ಅಡಾಪ್ಟರನ್ನೇ ಸಿಕ್ಕಿಸಿದೆ. ದೀಪವೇನೋ ಹತ್ತಿತು. ಹತ್ತು ನಿಮಿಷದಲ್ಲಿ ಅಡಾಪ್ಟರು ಮುಟ್ಟಲಾಗದಷ್ಟು ಕಾದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಾಗ ಪ್ಲಗ್ ಕಿತ್ತು, ಆಮೇಲೆ ಕಾಗದ ಪೆನ್ನು ಹಿಡಿದು ಕುಳಿತೆ. 5 ಮೀಟರಿಗೆ 48 ವ್ಯಾಟ್. ಅದನ್ನು 12ರಿಂದ ಭಾಗಿಸಿದರೆ 4 ಆಂಪ್. ನನ್ನ ಅಡಾಪ್ಟರಿನ ಮೈಮೇಲೆ ಬರೆದಿದ್ದದ್ದು 2 ಆಂಪ್. ಕತ್ತೆಯ ಮೇಲೆ ಆನೆಯ ಹೊರೆ ಹೇರಿದ್ದೆ. ಬೇಕಾದ ವ್ಯಾಟಿಗಿಂತ ಕನಿಷ್ಠ ಐದನೆಯ ಒಂದು ಪಾಲಾದರೂ ಹೆಚ್ಚಿನ ಸಾಮರ್ಥ್ಯದ ಡ್ರೈವರ್ (ಸ್ಟ್ರಿಪ್ಪಿಗೆ ಕರೆಂಟು ಕೊಡುವ ಅಡಾಪ್ಟರಿಗೆ ಅಂಗಡಿಯವರ ಹೆಸರು) ಕೊಳ್ಳಬೇಕೆಂಬ ಲೆಕ್ಕವನ್ನು ಇವತ್ತು ಯಾರು ಕೇಳಿದರೂ ಮೊದಲು ಹೇಳುತ್ತೇನೆ, ಏಕೆಂದರೆ ಈ ದೀಪಗಳಲ್ಲಿ ಸ್ಟ್ರಿಪ್ಪಿಗಿಂತ ಮುಂಚೆ ಕೈಕೊಡುವುದು ಸಾಮಾನ್ಯವಾಗಿ ಡ್ರೈವರೇ.

ಎರಡನೆಯ ಸಲ ಸರಿಯಾದ ಡ್ರೈವರ್ ತಂದು, ಸ್ಟ್ರಿಪ್ಪಿನ ಹಿಂದಿನ ಅಂಟಿನ ಕಾಗದ ಸುಲಿದು, ಕಬೋರ್ಡಿನ ಅಡಿಗೆ ನೇರವಾಗಿ ಒತ್ತಿದೆ. ಒಗ್ಗರಣೆಯ ಹೊಗೆ ಹತ್ತಿ ಜಿಡ್ಡಾದ ಹಲಗೆಯ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲವೆಂಬುದು ಮೂರನೆಯ ದಿನ ತಿಳಿಯಿತು: ಒಂದು ತುದಿ ಕಳಚಿಕೊಂಡು, ಕುದಿಯುತ್ತಿದ್ದ ಹುಳಿಯ ಪಾತ್ರೆಯ ಮೇಲೆ ಹಾವಿನ ಹಾಗೆ ತೂಗಾಡುತ್ತಿತ್ತು. ಅದು ಬೀಳದಿದ್ದರೂ ಕೀಳಲೇಬೇಕಾಗಿತ್ತು. ನಮ್ಮ ಕಟ್ಟೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟು. ಪ್ರತಿಯೊಂದು ಎಲ್‌ಇಡಿಯೂ ಅದರಲ್ಲಿ ಬೇರೆ ಬೇರೆಯಾಗಿ ಹೊಳೆದು ಕಣ್ಣು ಕುಕ್ಕುತ್ತಿತ್ತು. ಅತ್ತೆಯವರು ಒಂದು ಗಳಿಗೆ ನೋಡಿ, "ಇದೇನಮ್ಮ, ಬರೀ ಚುಕ್ಕಿ ಇಟ್ಟಿದ್ದೀಯ, ಎಳೆ ಎಳೆಯೋದು ಯಾವಾಗ?" ಎಂದರು.

ಎಳೆ ಎಳೆಯಲು ಎರಡು ದಾರಿಗಳಿವೆ. ಎಲ್‌ಇಡಿಗಳನ್ನು ಒತ್ತೊತ್ತಾಗಿ ಕೂರಿಸಿ ಮೇಲೆ ಹಳದಿ ಲೇಪ ಹಚ್ಚಿದ, ಚುಕ್ಕಿಯೇ ಕಾಣದ ಸಿಓಬಿ ಸ್ಟ್ರಿಪ್ ಕೊಳ್ಳುವುದು ಒಂದು. ಸ್ಟ್ರಿಪ್ಪನ್ನು ಅಲ್ಯೂಮಿನಿಯಂ ಚಾನಲ್ಲಿನ ಒಳಗೆ ಕೂರಿಸಿ ಮೇಲೆ ಹಾಲುಬಣ್ಣದ ಮುಚ್ಚಳ ಹಾಕುವುದು ಇನ್ನೊಂದು. ನಾನು ಚಾನಲ್ಲಿನ ದಾರಿ ಹಿಡಿದೆ. ಎಲ್‌ಇಡಿಯ ಶತ್ರುವಾದ ಶಾಖವನ್ನು ಅಲ್ಯೂಮಿನಿಯಂ ಎಳೆದುಕೊಳ್ಳುತ್ತದೆ, ಚಾನಲ್ಲು ಸ್ಕ್ರೂವಿನಲ್ಲಿ ನಿಲ್ಲುವುದರಿಂದ ಅಂಟನ್ನು ನಂಬಬೇಕಾಗಿಲ್ಲ, ಮುಚ್ಚಳದ ಮೇಲೆ ಕುಳಿತ ಜಿಡ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಅದನ್ನು ಗೋಡೆಯ ಕಡೆಗೆ ಇಡದೆ ಕಬೋರ್ಡಿನ ಮುಂದಿನ ಅಂಚಿಗೆ ತಂದದ್ದರಿಂದ ಬೆಳಕು ಟೈಲ್ಸಿನ ಮೇಲೆ ಪೋಲಾಗದೆ ಕಟ್ಟೆಯ ಮೇಲೆ ಬೀಳುತ್ತದೆ. ಬಾಗಿಲಿನ ಅಂಚು ಅರ್ಧ ಇಂಚು ಕೆಳಗಿಳಿದಿರುವುದರಿಂದ ದೀಪ ಎಲ್ಲಿದೆಯೆಂದು ನಿಂತವರಿಗೆ ಕಾಣುವುದೂ ಇಲ್ಲ. ಭಾನುವಾರ ಸಂಜೆ ಅರಮನೆಯ ಮುಂದೆ ನಿಂತು ಲಕ್ಷದ ಹತ್ತಿರದ ಬಲ್ಬುಗಳು ಒಮ್ಮೆಗೇ ಹತ್ತುವುದನ್ನು ನೋಡುತ್ತ ಬೆಳೆದ ನಮ್ಮೂರಿನವರಿಗೆ ದೀಪವೆಂದರೆ ಕಾಣಬೇಕಾದ ವಸ್ತುವೆಂಬ ಭಾವನೆ ಇರುವುದು ಸಹಜವೇ. ಅಲ್ಲಿ ಬಲ್ಬಿನ ಚುಕ್ಕಿಗಳೇ ಕಟ್ಟಡದ ರೇಖೆಯನ್ನು ಬರೆಯುತ್ತವೆ. ಅಡುಗೆಮನೆಯಲ್ಲಿ ನನಗೆ ಬೇಕಾದದ್ದು ಬೇಳೆಯೊಳಗಿನ ಕಲ್ಲು ಕಾಣುವುದು ಮಾತ್ರ.

ಬಣ್ಣದ ಪ್ರಶ್ನೆ ನಿಜವಾಗಿ ಎದ್ದದ್ದು ಗೊಂಬೆ ಕೂರಿಸುವಾಗ. ಅಡುಗೆಮನೆಯಲ್ಲಿ ಉಳಿದಿದ್ದ ತುಂಡನ್ನು ಏಳು ಮೆಟ್ಟಿಲಿನ ಮೇಲ್ತುದಿಯಲ್ಲಿ ಹಿಡಿದು ನೋಡಿದರೆ, ಪಟ್ಟದ ಗೊಂಬೆಗೆ ಉಡಿಸಿದ್ದ ಕುಂಕುಮದ ಬಣ್ಣದ ರೇಷ್ಮೆ ಹಳೆಯ ಇಟ್ಟಿಗೆಯಂತೆ ಕಂಗೆಟ್ಟಿತ್ತು. ಬಿಳಿಯ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು. ಅದರ ಮೇಲಿನ ಹಳದಿ ಫಾಸ್ಫರ್ ಲೇಪ ಆ ನೀಲಿಯ ಒಂದು ಪಾಲನ್ನು ಹಳದಿಗೆ ತಿರುಗಿಸುವುದರಿಂದ ಎರಡೂ ಸೇರಿ ನಮಗೆ ಬಿಳುಪಾಗಿ ಕಾಣುತ್ತದೆ. ಲೇಪ ಅಗ್ಗದ್ದಾದರೆ ಗಾಢ ಕೆಂಪು ಆ ಬೆಳಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೆಳಕಿನಲ್ಲಿ ಇಲ್ಲದ ಕೆಂಪನ್ನು ಸೀರೆ ಎಲ್ಲಿಂದ ತಂದು ತೋರಿಸೀತು? ಇದನ್ನು ಅಳೆಯುವ ಅಂಕಿ ಸಿಆರ್‌ಐ. ಹಳೆಯ ತಂತಿ ಬಲ್ಬಿಗೆ ಅದು ಹೆಚ್ಚುಕಡಿಮೆ 100. ಅಂಗಡಿಯಲ್ಲಿ ಸಲೀಸಾಗಿ ಸಿಗುವ ಒಳ್ಳೆಯ ಸ್ಟ್ರಿಪ್ಪಿಗೆ 80. ಕೇಳಿ ತರಿಸಿಕೊಂಡರೆ 90 ಅಥವಾ ಅದಕ್ಕೂ ಹೆಚ್ಚು. ಕೆಂಪಿಗೇ ಮೀಸಲಾದ ಆರ್9 ಎಂಬ ಇನ್ನೊಂದು ಅಂಕಿ, ಹಲವು ಬಣ್ಣಗಳ ಸರಾಸರಿಯಾದ ಈ ಸಿಆರ್‌ಐಯಲ್ಲಿ ಸೇರುವುದಿಲ್ಲವಾದ್ದರಿಂದ ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಕೇಳಿದಾಗ ನಮ್ಮ ಅಂಗಡಿಯ ಹುಡುಗ ನಾನು ಯಾವುದೋ ಔಷಧಿಯ ಹೆಸರು ಹೇಳಿದೆನೆಂಬಂತೆ ನೋಡಿದ. ಕೊನೆಗೆ ಪರ್ಸಿನಲ್ಲಿ ಕೆಂಪು ರವಿಕೆ ಕಣವೊಂದನ್ನು ಇಟ್ಟುಕೊಂಡು ಹೋಗಿ, ಮೂರು ಸ್ಟ್ರಿಪ್‌ಗಳನ್ನು ಹತ್ತಿಸಿ ಅದರ ಮೇಲೆ ಹಿಡಿಸಿ ಆಯ್ದುಕೊಂಡೆ; ಸುರುಳಿ ಬಿಚ್ಚದೆ ಬಹಳ ಹೊತ್ತು ಉರಿಸಿದರೆ ಒಳಗೇ ಕಾಯುತ್ತದೆಂದು ಪ್ರತಿ ಸಲವೂ ಬಿಚ್ಚಿಸಬೇಕಾಯಿತು. ಬೆಳಕಿನ ಛಾಯೆಯನ್ನು ಹೇಳುವ ಕೆಲ್ವಿನ್ ಲೆಕ್ಕದಲ್ಲಿ ಗೊಂಬೆಗೆ 2700ರ ಹಳದಿ ಛಾಯೆ, ಅಡುಗೆ ಕಟ್ಟೆಗೆ 4000ದ ಬಿಳುಪು ಎಂದು ತೀರ್ಮಾನಿಸಿದೆ. 6500ರ ನೀಲಿಬಿಳುಪು ಮನೆಯೊಳಗೆ ಎಲ್ಲಿಯೂ ಬೇಡವೆಂಬುದು ನನ್ನ ಹಟ.

ಗೊಂಬೆ ಮೆಟ್ಟಿಲಿಗೆ ದೀಪ ಎಲ್ಲಿಡಬೇಕೆಂಬುದರಲ್ಲಿ ಒಂದು ಇಡೀ ಸಂಜೆ ಹೋಯಿತು. ಪ್ರತಿ ಮೆಟ್ಟಿಲಿನ ಮುಂದಿನ ಅಂಚಿನ ಅಡಿಗೆ ಅಂಟಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಹಾಗೆ ಮಾಡಿದರೆ ಕೆಳಗಿನ ಮೆಟ್ಟಿಲಿನ ಗೊಂಬೆಗಳ ಬೆನ್ನ ಮೇಲೆ ಬೆಳಕು ಬಿದ್ದು, ಮುಖವೆಲ್ಲ ಕಪ್ಪಾಗಿ, ಸೆಟ್ಟಿ ದಂಪತಿ ಕತ್ತಲಲ್ಲಿ ಅಂಗಡಿ ಇಟ್ಟುಕೊಂಡಂತೆ ಕಾಣುತ್ತಾರೆ. ಗೊಂಬೆಗಳ ಪಾದದ ಬಳಿ ಮುಂದಿನಿಂದ ಇಟ್ಟರೆ ಗಲ್ಲದ ಕೆಳಗಿನಿಂದ ಬೆಳಕೆದ್ದು, ಸೌಮ್ಯ ಮುಖದ ಕೃಷ್ಣನೂ ಹೆದರಿಸುತ್ತಾನೆ. ಕೊನೆಗೆ ಮೆಟ್ಟಿಲಿನ ಎರಡೂ ಬದಿಗೆ, ಒಂದಡಿ ಮುಂದಕ್ಕೆ, ಒಂದೂವರೆ ಮೀಟರಿನ ಎರಡು ಮರದ ರೀಪರುಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳಿಗೆ 45 ಡಿಗ್ರಿ ಒಳಕ್ಕೆ ತಿರುಗಿದ ಚಾನಲ್ ಹೊಡೆಸಿ, ಹೊರಗಡೆಯಿಂದ ಮಾವಿನೆಲೆ ಕಟ್ಟಿ ಮರೆಮಾಡಿದೆವು. ಎರಡೂ ಕಡೆಯ ಬೆಳಕು ಸೇರಿ ಮುಖಗಳು ತುಂಬಿಕೊಂಡವು.

ಇದರ ವೈರಿಂಗನ್ನು ನಮ್ಮ ಎಲೆಕ್ಟ್ರಿಷಿಯನ್ ಮಾಡಿದರು. ಸ್ಟ್ರಿಪ್ಪನ್ನು ಕತ್ತರಿ ಗುರುತಿನ ಮೇಲೆಯೇ ಕತ್ತರಿಸಬೇಕು. ನಮ್ಮದರಲ್ಲಿ ಮೂರು ಎಲ್‌ಇಡಿಗೊಂದು, ಎಂದರೆ ಎರಡೂವರೆ ಸೆಂಟಿಮೀಟರಿಗೊಂದು ಗುರುತಿತ್ತು. ಎರಡು ರೀಪರುಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಜೋಡಿಸೋಣವೆಂದು ನಾನು ಹೇಳಿದಾಗ, "ಬೇಡ ಮೇಡಂ, ಕಡೇದು ಮಂಕಾಗುತ್ತೆ, ಎರಡಕ್ಕೂ ಡ್ರೈವರಿಂದಲೇ ಬೇರೆ ಬೇರೆ ವೈರ್ ಎಳೀತೀನಿ" ಎಂದರು. ತೆಳುವಾದ ತಾಮ್ರದ ಪಟ್ಟಿಯಲ್ಲಿ ದೂರ ಹೋದಂತೆ ವೋಲ್ಟೇಜು ಕುಸಿಯುವುದರಿಂದ ಅವರ ಮಾತು ಸರಿ. ಅದೇ ಕಾರಣಕ್ಕೆ ಅಡುಗೆಮನೆಗೆ 12ರ ಬದಲು 24 ವೋಲ್ಟಿನ ಸ್ಟ್ರಿಪ್ ಹಾಕಿದೆವು. ಅಷ್ಟೇ ವ್ಯಾಟಿಗೆ ಕರೆಂಟು ಅರ್ಧವಾಗುವುದರಿಂದ ಕುಸಿತವೂ ಕಡಿಮೆ. ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಸಡಿಲವಾಗುತ್ತವೆಂದು ಎಲ್ಲ ಕಡೆಯೂ ಬೆಸುಗೆಯನ್ನೇ ಹಾಕಿದರು. ಅಡುಗೆಮನೆಯ ಡ್ರೈವರನ್ನು ಮಾತ್ರ ಕಬೋರ್ಡಿನೊಳಗೆ ಮುಚ್ಚಿಡಲು ನಾನು ಒಪ್ಪಲಿಲ್ಲ. ಅದು ಒಲೆಯಿಂದ ದೂರ, ಅಟ್ಟದ ಪಕ್ಕದಲ್ಲಿ, ಗಾಳಿಯಾಡುವ ಕಡೆ ಇದೆ.

ನವರಾತ್ರಿಯಲ್ಲಿ ಆರತಿಯ ಹೊತ್ತಿಗೆ ಬೆಳಕು ಹೆಚ್ಚಾಯಿತೆಂದು ಅತ್ತೆಯವರು ಹೇಳಿದ್ದರಿಂದ, ಡ್ರೈವರಿಗೂ ಸ್ಟ್ರಿಪ್ಪಿಗೂ ನಡುವೆ ಒಂದು ಡಿಮ್ಮರ್ ಸೇರಿಸಿದೆವು. ಫ್ಯಾನಿನ ರೆಗ್ಯುಲೇಟರು ಇದಕ್ಕೆ ಆಗಿಬರುವುದಿಲ್ಲ. ಗುಂಡಿಯನ್ನು ಅವರೇ ತಿರುಗಿಸಿ, ತುಪ್ಪದ ದೀಪದ ಜ್ವಾಲೆ ಎದ್ದು ಕಾಣುವವರೆಗೆ ಇಳಿಸಿ, ಅಲ್ಲಿಗೆ ನಿಲ್ಲಿಸಿದರು. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿದ ಮೇಲೆ, ಸ್ಟ್ರಿಪ್ಪನ್ನು ಚಾನಲ್ಲಿನಿಂದ ಕೀಳದೆ ರೀಪರುಗಳ ಸಮೇತ ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದೆವು. ಡ್ರೈವರು ಗೊಂಬೆಯ ಟ್ರಂಕಿನಲ್ಲಿದೆ. ಮುಂದಿನ ವರ್ಷ ಯಾರೂ ರೌಟರಿನ ಅಡಾಪ್ಟರ್ ಹುಡುಕಿಕೊಂಡು ಹೋಗದಿರಲೆಂದು "12 ವೋಲ್ಟ್, 3 ಆಂಪ್, ಗೊಂಬೆಯದು" ಎಂದು ಬರೆದ ಚೀಟಿಯನ್ನು ಅದಕ್ಕೆ ಕಟ್ಟಿದ್ದೇನೆ.